ಬ್ರೇಕ್ ಬ್ಲೀಡ್ ಮಾಡಿದ ಮೇಲೆ ಎಬಿಎಸ್, ಪಿಎಸ್‌ಎಂ ದೀಪ ಆರುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನನ್ನದು 2008ರ ಪೋರ್ಷೆ ಕೇಮನ್ ಎಸ್, ಮ್ಯಾನುಯಲ್ ಗೇರ್. ಊರು ಬೆಂಗಳೂರು. ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೆ ಹೋಗುವ ಮುಂಚೆ ಮನೆಯ ಗ್ಯಾರೇಜಿನಲ್ಲೇ ಬ್ರೇಕ್ ಬ್ಲೀಡ್ ಮಾಡಿ, ಅಂದರೆ ಹಳೆಯ ಫ್ಲೂಯಿಡ್ ಮತ್ತು ಗಾಳಿ ಹೊರಹಾಕಿ, ಬ್ರೇಕ್ ಫ್ಲೂಯಿಡ್ ಬದಲಿಸಿದೆವು. ಗಾಡಿಯನ್ನು ನಾಲ್ಕು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿದ್ದೆವು. ಗೆಳೆಯ ಪೆಡಲ್ ಒತ್ತುತ್ತಿದ್ದ, ನಾನು ಚಕ್ರದ ಬಳಿಯ ನಿಪ್ಪಲ್ (ಫ್ಲೂಯಿಡ್ ಹೊರಬಿಡುವ ಸಣ್ಣ ಸ್ಕ್ರೂ) ಬಿಚ್ಚಿ ಮುಚ್ಚುತ್ತಿದ್ದೆ. ಒಮ್ಮೆ ರಿಸರ್ವಾಯರ್‌ನಲ್ಲಿ (ಫ್ಲೂಯಿಡ್ ತುಂಬುವ ಡಬ್ಬಿಯಲ್ಲಿ) ಫ್ಲೂಯಿಡ್ ಬಹಳ ಕೆಳಗೆ ಹೋಗಿತ್ತು. ಎಲ್ಲ ಮುಗಿಸಿ ಗೇಟಿನವರೆಗೆ ಓಡಿಸಿದರೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಪಿಎಸ್‌ಎಂ (ಗಾಡಿ ಜಾರದಂತೆ ಹಿಡಿಯುವ ಪೋರ್ಷೆಯ ವ್ಯವಸ್ಥೆ) ಹಳದಿ ದೀಪಗಳು ಹತ್ತಿಕೊಂಡಿವೆ, ‘ಪಿಎಸ್‌ಎಂ ಫೇಲ್ಯೂರ್’ ಎಂಬ ಸಂದೇಶವೂ ಬಂದಿದೆ. ಕೆಂಪು ಬ್ರೇಕ್ ದೀಪ ಇಲ್ಲ. ಪೆಡಲ್ ಮೊದಲಿಗಿಂತ ಮೆತ್ತಗಿದೆ. ಎಬಿಎಸ್ ಯೂನಿಟ್ ಒಳಗೆ ಗಾಳಿ ಹೊಕ್ಕಿದೆಯೇ? ಬ್ಯಾಟರಿ ಬಿಚ್ಚಿ ಹಾಕಿದರೆ ದೀಪ ಹೋಗುತ್ತದೆಯೇ? ಹೀಗೇ ಓಡಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆ ಮೊದಲು. ಪೆಡಲ್ ಗಟ್ಟಿಯಾಗುವವರೆಗೆ ಗಾಡಿ ಗೇಟು ದಾಟಬಾರದು. ದೀಪದ ವಿಷಯ ಆಮೇಲೆ.

ನಿಮ್ಮ ಗಾಡಿಯಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಎರಡೂ ಒಂದೇ ದಿನ, ಒಂದೇ ಕೆಲಸದ ನಂತರ ಕಾಣಿಸಿಕೊಂಡಿದ್ದರಿಂದ ಒಂದಕ್ಕೆ ಇನ್ನೊಂದು ಕಾರಣ ಅನಿಸುತ್ತಿದೆ, ಅಷ್ಟೆ. ಪೆಡಲ್ ಮೆತ್ತಗಿರುವುದು ಹೈಡ್ರಾಲಿಕ್ ತೊಂದರೆ. ಹಳದಿ ದೀಪಗಳು ಹೆಚ್ಚುಕಡಿಮೆ ಖಚಿತವಾಗಿ ವಿದ್ಯುತ್ ಸಂಕೇತದ ತೊಂದರೆ. ಯಾಕೆಂದರೆ ಪಿಎಸ್‌ಎಂ ಯೂನಿಟ್‌ಗೆ ಗಾಳಿಗುಳ್ಳೆಯನ್ನು ಗುರುತಿಸುವ ದಾರಿಯೇ ಇಲ್ಲ. ಅದಕ್ಕೆ ಗೊತ್ತಾಗುವುದು ಇಷ್ಟು: ನಾಲ್ಕು ಚಕ್ರಗಳ ವೇಗ, ಸ್ಟಿಯರಿಂಗ್ ಎಷ್ಟು ತಿರುಗಿದೆ, ಗಾಡಿ ಪಕ್ಕಕ್ಕೆ ಎಷ್ಟು ಜಾರುತ್ತಿದೆ ಮತ್ತು ತಿರುಗುತ್ತಿದೆ, ಬ್ರೇಕ್ ಲೈನಿನ ಒತ್ತಡ, ಬ್ರೇಕ್ ಲೈಟ್ ಸ್ವಿಚ್ಚಿನ ಸ್ಥಿತಿ, ಬ್ಯಾಟರಿಯ ವೋಲ್ಟೇಜ್, ತನ್ನದೇ ಪಂಪ್ ಮತ್ತು ವಾಲ್ವ್‌ಗಳ ಕಾಯಿಲ್‌ಗಳು. ಇವುಗಳಲ್ಲಿ ಯಾವುದೋ ಒಂದು ಸಿಗದಿದ್ದರೆ ಅಥವಾ ಒಂದಕ್ಕೊಂದು ತಾಳೆಯಾಗದಿದ್ದರೆ ದೀಪ ಹತ್ತುತ್ತದೆ. ಕ್ಯಾಲಿಪರ್ (ಚಕ್ರದ ಬಳಿ ಬ್ರೇಕ್ ಪ್ಯಾಡ್ ಒತ್ತುವ ಭಾಗ) ತುಂಬ ಗಾಳಿಯಿದ್ದರೂ ಇವೆಲ್ಲ ಸರಿಯಿದ್ದರೆ ಡ್ಯಾಶ್‌ಬೋರ್ಡ್ ಕತ್ತಲೆಯಾಗಿಯೇ ಇರುತ್ತದೆ. ಹಾಗಾಗಿ ದೀಪವನ್ನು ಆರಿಸುವ ಕೆಲಸ ಮತ್ತು ಪೆಡಲ್ ಸರಿಮಾಡುವ ಕೆಲಸ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಿ. ದೀಪ ಆರಿತೆಂದು ಬ್ರೇಕ್ ಸರಿಯಾಯಿತು ಅಂದುಕೊಂಡು ಟ್ರ್ಯಾಕ್‌ಗೆ ಹೋಗುವುದೇ ಈ ಕೆಲಸದಲ್ಲಿ ಆಗಬಹುದಾದ ಅತಿ ದೊಡ್ಡ ಅನಾಹುತ.

ಮೊದಲು ದೀಪಗಳನ್ನು ಸರಿಯಾಗಿ ಓದಬೇಕು. ಕೆಂಪು ಬ್ರೇಕ್ ದೀಪ ಒಂಟಿಯಾಗಿ ಉರಿದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿಲ್ಲ ಅಥವಾ ರಿಸರ್ವಾಯರ್‌ನಲ್ಲಿ ಮಟ್ಟ ಕಡಿಮೆಯಿದೆ. ಪಿಎಸ್‌ಎಂ ಹಳದಿ ದೀಪ ಮಾತ್ರ ಉರಿದು ಎಬಿಎಸ್ ದೀಪ ಆರಿದ್ದರೆ ಸ್ಟಿಯರಿಂಗ್ ಆಂಗಲ್ ಸೆನ್ಸರ್, ಬ್ರೇಕ್ ಲೈಟ್ ಸ್ವಿಚ್ ಅಥವಾ ಪ್ರೆಶರ್ ಸೆನ್ಸರ್ ಕಡೆ ನೋಡಬೇಕು. ಎಬಿಎಸ್ ಮತ್ತು ಪಿಎಸ್‌ಎಂ ಎರಡೂ ಉರಿದರೆ, ನಿಮ್ಮಲ್ಲಿ ಆಗಿರುವಂತೆ, ಮೊದಲ ಅನುಮಾನ ಚಕ್ರದ ವೇಗದ ಸೆನ್ಸರ್‌ಗಳ ಮೇಲೆ, ಆಮೇಲೆ ವೋಲ್ಟೇಜ್ ಮೇಲೆ. ಎಬಿಎಸ್ ಹಳದಿಯ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಮಾತ್ರ ವಿಷಯ ಬೇರೆ. ಆಗ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕ್ ಬಲ ಹಂಚುವ ವ್ಯವಸ್ಥೆಯೂ ನಿಂತಿದೆ ಎಂದರ್ಥ. ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಬಹುದು, ಎಂಜಿನ್ ನಡುವೆ ಇರುವ ಕೇಮನ್ ಅಂಥ ಹೊತ್ತಿನಲ್ಲಿ ಬಹಳ ಬೇಗ ತಿರುಗಿ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಗಾಡಿಯನ್ನು ಓಡಿಸಬೇಡಿ, ಗಾಡಿ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿ ಕರೆಸಿ. ನಿಮಗೆ ಕೆಂಪು ದೀಪ ಇಲ್ಲ, ಅದು ಒಳ್ಳೆಯ ಸುದ್ದಿ.

ಇನ್ನು ಬ್ರೇಕ್ ಪ್ಯಾಡ್ ಸವೆತದ ದೀಪ ಹತ್ತಿದರೆ ಅದಕ್ಕೂ ಎಬಿಎಸ್‌ಗೂ ಸಂಬಂಧವಿಲ್ಲ. ಪ್ಯಾಡ್‌ಗಳಲ್ಲಿರುವ ತೆಳು ತಂತಿಗಳ ಸರ್ಕ್ಯೂಟ್ ಎಲ್ಲೋ ಕಡಿದಿದೆ ಅಥವಾ ಕ್ಯಾಲಿಪರ್ ಬಳಿಯ ಪ್ಲಗ್ ಸಡಿಲವಾಗಿದೆ. ಸ್ಪ್ಯಾನರ್ ಆಡಿಸುವಾಗ ಕೈ ತಗುಲಿ ಹೀಗಾಗುವುದು ಸಾಮಾನ್ಯ. ನಾಲ್ಕೂ ಪ್ಲಗ್‌ಗಳನ್ನು ಒತ್ತಿ ನೋಡಿದರೆ ಸಾಕು.

ನೀವು ಬರೆದದ್ದರಲ್ಲಿ ನನಗೆ ಬೇಕಾಗಿದ್ದ ಒಂದು ವಿವರ ಇಲ್ಲ: ದೀಪ ಹತ್ತಿದ್ದು ಯಾವ ಕ್ಷಣದಲ್ಲಿ? ದೋಷದ ಕೋಡ್ ಓದುವ ಸ್ಕ್ಯಾನರ್ ಇಲ್ಲದವರಿಗೆ ಇದಕ್ಕಿಂತ ಉಪಯುಕ್ತ ಸುಳಿವು ಇನ್ನೊಂದಿಲ್ಲ. ಇಗ್ನಿಷನ್ ಹಾಕಿದಾಗ ಎಲ್ಲ ದೀಪಗಳೂ ಉರಿದು, ಕೆಲವು ಸೆಕೆಂಡುಗಳಲ್ಲಿ ಆರುವುದು ಬಲ್ಬ್ ಪರೀಕ್ಷೆ. ಅವು ಆರದೆ ಉಳಿದರೆ ತಂತಿ ಕಡಿದಿದೆ, ಪ್ಲಗ್ ಬಿಚ್ಚಿದೆ, ಫ್ಯೂಸ್ ಹೋಗಿದೆ ಅಥವಾ ಹಿಂದೆ ದಾಖಲಾದ ದೋಷ ಇನ್ನೂ ಅಳಿಸಿಲ್ಲ. ಅಂದರೆ ಗಾಡಿ ನಿಂತಿರುವಾಗಲೇ ಯೂನಿಟ್‌ಗೆ ಕಾಣುವ ತೊಂದರೆ. ದೀಪ ಆರಿ, ಗಾಡಿ ಹೊರಟು ಸೈಕಲ್ ವೇಗ ತಲುಪಿದಾಗ ಮತ್ತೆ ಹತ್ತಿದರೆ ಎರಡು ಸಾಧ್ಯತೆ. ಒಂದು, ಯಾವುದೋ ಚಕ್ರದ ಸೆನ್ಸರ್ ವೇಗ ತೋರಿಸುತ್ತಿಲ್ಲ. ಇನ್ನೊಂದು, ಹೊರಟ ಕೂಡಲೇ ಯೂನಿಟ್ ತನ್ನ ಪಂಪನ್ನು ಒಂದು ಕ್ಷಣ ತಿರುಗಿಸಿ ಪರೀಕ್ಷಿಸಿಕೊಳ್ಳುತ್ತದೆ (ಮುಂದಿನಿಂದ ಸಣ್ಣ ಗುರ್ ಸದ್ದು ಕೇಳಿಸುವುದು ಇದೇ), ಆ ಪರೀಕ್ಷೆ ವೋಲ್ಟೇಜ್ ಸಾಲದೆ ಸೋತಿದೆ. ದೀಪ ಹತ್ತಿದ್ದು ಮೊದಲ ಸಲ ಬ್ರೇಕ್ ಒತ್ತಿದಾಗ ಅಥವಾ ಒತ್ತಿ ಬಿಟ್ಟ ಸ್ವಲ್ಪ ಹೊತ್ತಿಗೆ ಆದರೆ ಬ್ರೇಕ್ ಲೈಟ್ ಸ್ವಿಚ್ ನೋಡಿ. ‘ಗೇಟಿನವರೆಗೆ ಓಡಿಸಿದಾಗ’ ಎಂಬ ನಿಮ್ಮ ಮಾತಿನಿಂದ ದೀಪ ಗಾಡಿ ಹೊರಟ ಮೇಲೆ ಹತ್ತಿರಬಹುದು ಅನಿಸುತ್ತದೆ. ಆದರೂ ಪೆಡಲ್ ಸರಿಯಾದ ಮೇಲೆ ಒಮ್ಮೆ ಗಮನಿಸಿ ನೋಡಿ.

ಈಗ ಬ್ಲೀಡ್ ಮಾಡುವ ಕೆಲಸ ಈ ಸಂಕೇತಗಳನ್ನು ಹೇಗೆಲ್ಲ ಕೆಡಿಸುತ್ತದೆ ನೋಡೋಣ.

ಮೊದಲನೆಯದು ಗಾಳಿಯಲ್ಲಿರುವ ಚಕ್ರಗಳು. ಗಾಡಿ ಸ್ಟ್ಯಾಂಡ್ ಮೇಲಿದ್ದಾಗ ಇಗ್ನಿಷನ್ ಹಾಕಿಟ್ಟು ಯಾರಾದರೂ ಒಂದು ಹಬ್ ತಿರುಗಿಸಿದರೆ, ಅಥವಾ ಎಂಜಿನ್ ಸ್ಟಾರ್ಟ್ ಮಾಡಿ ಕ್ಲಚ್ ಪರೀಕ್ಷಿಸಲು ಗೇರ್ ಹಾಕಿದರೆ, ಹಿಂದಿನ ಚಕ್ರಗಳು ತಿರುಗುತ್ತವೆ, ಮುಂದಿನವು ನಿಂತೇ ಇರುತ್ತವೆ. ಯೂನಿಟ್‌ನ ಲೆಕ್ಕದಲ್ಲಿ ಇದು ಅಸಾಧ್ಯ. ಮುಂದಿನ ಎರಡೂ ಸೆನ್ಸರ್ ಸತ್ತಿವೆ ಅಥವಾ ಸಂಕೇತ ನಂಬುವಂತಿಲ್ಲ ಎಂದು ಅದು ದಾಖಲಿಸಿಕೊಳ್ಳುತ್ತದೆ. ನಿಮ್ಮ ಕೇಸಿನಲ್ಲಿ ಎಬಿಎಸ್ ಮತ್ತು ಪಿಎಸ್‌ಎಂ ಒಟ್ಟಿಗೆ ಹತ್ತಿರುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಏನೂ ಮುರಿದಿಲ್ಲದಿದ್ದರೆ, ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿ ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದಾಗ ನಾಲ್ಕೂ ಚಕ್ರಗಳ ವೇಗ ತಾಳೆಯಾಗಿ ದೀಪ ಸಾಮಾನ್ಯವಾಗಿ ತಾನಾಗಿ ಆರುತ್ತದೆ. ದೋಷದ ದಾಖಲೆ ಮಾತ್ರ ಒಳಗೆ ಉಳಿದಿರುತ್ತದೆ. ಟ್ರ್ಯಾಕ್‌ಗೆಂದು ಅದೇ ದಿನ ಟೈರ್‌ಗಳನ್ನೂ ಬದಲಿಸಿದ್ದರೆ ಅಳತೆ ನೋಡಿಕೊಳ್ಳಿ. 18 ಇಂಚಿನ ಚಕ್ರಗಳಿದ್ದರೆ ಕಂಪನಿ ಕೊಟ್ಟ ಅಳತೆ ಮುಂದೆ 235/40, ಹಿಂದೆ 265/40. ಮುಂದೆ ಹಿಂದೆ ಉರುಳುವ ಸುತ್ತಳತೆಯ ಅನುಪಾತ ಬಹಳ ಬದಲಾದರೆ ಪಿಎಸ್‌ಎಂಗೆ ಅದೂ ದೋಷವಾಗಿಯೇ ಕಾಣುತ್ತದೆ.

ಎರಡನೆಯದು ಸೆನ್ಸರ್ ತಂತಿ ಮತ್ತು ಪ್ಲಗ್. ವೇಗದ ಸೆನ್ಸರ್‌ನ ತಂತಿ ಬ್ರೇಕ್ ಹೋಸ್ ಹಾದುಹೋಗುವ ಜಾಗದಲ್ಲೇ ಹೋಗುತ್ತದೆ. ಒಳಬದಿಯ ನಿಪ್ಪಲ್‌ಗೆ ಕೈ ಹಾಕುವಾಗ ತಂತಿ ಎಳೆದಿರಬಹುದು, ಅದರ ಕ್ಲಿಪ್ ಕಳಚಿರಬಹುದು. ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ದೀಪ ಹತ್ತಿದರೆ ಇದನ್ನೇ ಮೊದಲು ನೋಡಿ. ಕ್ಲಿಪ್‌ನಿಂದ ಹೊರಬಂದ ತಂತಿ ಟೈರಿಗೋ ರಿಮ್ಮಿಗೋ ಉಜ್ಜಿ ಕಡಿಯುತ್ತಿರುತ್ತದೆ. ಪ್ಲಗ್ ಮೇಲೆ ಬ್ರೇಕ್ ಫ್ಲೂಯಿಡ್ ಸುರಿದಿದ್ದರೆ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ. ಒಂದು ಎಚ್ಚರಿಕೆ: ಈ ಗಾಡಿಗಳಲ್ಲಿರುವ ಬಗೆಯ ಆಕ್ಟಿವ್ ಸೆನ್ಸರ್‌ಗಳನ್ನು ಮಲ್ಟಿಮೀಟರ್‌ನಲ್ಲಿ ಓಮ್ಸ್ ಇಟ್ಟು ಅಳೆಯಬೇಡಿ. ಒಳಗೆ ಎಲೆಕ್ಟ್ರಾನಿಕ್ಸ್ ಇರುವುದರಿಂದ ಬರುವ ಅಂಕಿಗೆ ಅರ್ಥವಿಲ್ಲ, ಒಳ್ಳೆಯ ಸೆನ್ಸರನ್ನು ಕೆಟ್ಟಿದೆ ಎಂದು ತಿಳಿದು ಹಣ ಕಳೆದುಕೊಳ್ಳುತ್ತೀರಿ. ಸ್ಕ್ಯಾನರ್‌ನಲ್ಲಿ ನಾಲ್ಕೂ ಚಕ್ರಗಳ ವೇಗವನ್ನು ಒಟ್ಟಿಗೆ ನೋಡುತ್ತ ನಿಧಾನವಾಗಿ ಓಡಿಸುವುದೇ ಸರಿಯಾದ ಪರೀಕ್ಷೆ.

ಮೂರನೆಯದು ಬ್ರೇಕ್ ಲೈಟ್ ಸ್ವಿಚ್. ಇದರ ಮೇಲೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಈ ಕಾಲದ ಪೋರ್ಷೆಗಳಲ್ಲಿ ಪಿಎಸ್‌ಎಂ ದೀಪಕ್ಕೆ ಇದು ಹೆಸರುವಾಸಿ ಕಾರಣ. ಪೆಡಲ್ ತೋಳಿನ ಮೇಲಿರುವ ಈ ಸಣ್ಣ ಪ್ಲಾಸ್ಟಿಕ್ ಸ್ವಿಚ್ ಬ್ರೇಕ್ ಲೈಟ್ ಹತ್ತಿಸುವುದಷ್ಟೇ ಅಲ್ಲ, ‘ಕಾಲು ಪೆಡಲ್ ಮೇಲಿದೆ’ ಎಂದು ಎಂಜಿನ್ ಕಂಪ್ಯೂಟರ್‌ಗೂ ಪಿಎಸ್‌ಎಂಗೂ ಹೇಳುತ್ತದೆ. ಒಳಗೆ ಎರಡು ಕಾಂಟ್ಯಾಕ್ಟ್‌ಗಳಿವೆ, ಎರಡೂ ಒಟ್ಟಿಗೆ ಬದಲಾಗಬೇಕು. ಪಿಎಸ್‌ಎಂ ಇವನ್ನು ಲೈನಿನ ಒತ್ತಡದ ಜೊತೆ ಹೋಲಿಸುತ್ತದೆ. ಒತ್ತಡ ಏರಿದೆ, ಸ್ವಿಚ್ ‘ಕಾಲಿಲ್ಲ’ ಅನ್ನುತ್ತಿದೆ ಎಂದಾದರೆ ದೋಷ. ಮಾಮೂಲಿ ಓಡಾಟದಲ್ಲಿ ಪೆಡಲ್ ಕೆಲವು ಸೆಂಟಿಮೀಟರ್ ಮಾತ್ರ ಚಲಿಸುತ್ತದೆ. ಬ್ಲೀಡ್ ಮಾಡುವಾಗ ನಿಮ್ಮ ಗೆಳೆಯ ಅದನ್ನು ನೆಲದವರೆಗೆ ಹತ್ತಾರು ಸಲ ಒತ್ತಿದ್ದಾರೆ, ಬಹುಶಃ ಮೇಲೆ ಬಾರದಿದ್ದಾಗ ಕಾಲ್ಬೆರಳು ಕೊಟ್ಟು ಎತ್ತಿದ್ದಾರೆ. ಹಾಗೆ ಎತ್ತಿದಾಗ ಪೆಡಲ್ ತೋಳು ಸ್ವಿಚ್ಚಿನ ಕಡ್ಡಿಯನ್ನು ಇರಬೇಕಾದ್ದಕ್ಕಿಂತ ಒಳಗೆ ತಳ್ಳುತ್ತದೆ. ಕಡ್ಡಿ ಒಮ್ಮೆ ಒಳಗೆ ಹೋದರೆ ಅದೇ ಹೊಸ ಸೆಟ್ಟಿಂಗ್. ಆಮೇಲೆ ಸ್ವಿಚ್ ಸರಿಯಾದ ಹೊತ್ತಿಗೆ ಬದಲಾಗುವುದಿಲ್ಲ.

ಪರೀಕ್ಷೆ ಸುಲಭ. ಕತ್ತಲಾದ ಮೇಲೆ ಗಾಡಿಯ ಹಿಂಭಾಗವನ್ನು ಗೋಡೆಯ ಹತ್ತಿರ ನಿಲ್ಲಿಸಿ, ಇಗ್ನಿಷನ್ ಹಾಕಿ, ಪೆಡಲನ್ನು ಬೆರಳಿನಿಂದ ಬಹಳ ನಿಧಾನವಾಗಿ ಒತ್ತಿ. ಒಂದು ಸೆಂಟಿಮೀಟರಿನಷ್ಟು ಚಲಿಸುವ ಮುಂಚೆಯೇ ಗೋಡೆಯ ಮೇಲೆ ಕೆಂಪು ಬೆಳಕು ಬೀಳಬೇಕು, ಬಿಟ್ಟ ಕೂಡಲೇ ಆರಬೇಕು. ತಡವಾದರೆ, ಮಿನುಗಿದರೆ, ಆರದೆ ಉಳಿದರೆ ಸ್ವಿಚ್ ಹೊಸದು ಹಾಕಿ. ಹಾಕುವಾಗ ಕಡ್ಡಿಯನ್ನು ಪೂರ್ತಿ ಹೊರಗೆಳೆದಿರಬೇಕು, ಪೆಡಲನ್ನು ಕೈಯಿಂದ ಕೆಳಗೆ ಹಿಡಿದು ಸ್ವಿಚ್ ಕೂರಿಸಿ ತಿರುಗಿಸಿ ಲಾಕ್ ಮಾಡಬೇಕು, ಆಮೇಲೆ ಪೆಡಲನ್ನು ಮೆಲ್ಲಗೆ ಬಿಡಬೇಕು. ಪೆಡಲ್ ಮೇಲೆ ಬರುವಾಗ ಕಡ್ಡಿಯ ಉದ್ದ ತಾನಾಗಿ ಹೊಂದಿಕೊಳ್ಳುತ್ತದೆ. ಹಳೆಯದನ್ನು ಬಿಚ್ಚಿ ಅದನ್ನೇ ಮತ್ತೆ ಹಾಕುವುದು ನನ್ನ ಮಟ್ಟಿಗೆ ಉಳಿತಾಯವಲ್ಲ. ಅದರ ಹಲ್ಲುಗಳು ಸವೆದಿರುತ್ತವೆ, ಟ್ರ್ಯಾಕ್‌ನಲ್ಲಿ ಮೂರನೇ ಸುತ್ತಿಗೆ ಮತ್ತೆ ಕೈಕೊಡುತ್ತದೆ.

ನಾಲ್ಕನೆಯದು ಬ್ಯಾಟರಿ. ಬಾಗಿಲು ತೆರೆದು, ಮುಂದಿನ ಬೂಟ್ ತೆರೆದು, ಚಾವಿ ತಿರುಗಿಸಿಟ್ಟು ಅರ್ಧ ದಿನ ಕೆಲಸ ಮಾಡಿದರೆ ವಾರಕ್ಕೊಮ್ಮೆ ಓಡುವ ಸ್ಪೋರ್ಟ್ಸ್ ಕಾರಿನ ಬ್ಯಾಟರಿ ಸೊರಗುತ್ತದೆ. ಎಂಜಿನ್ ನಿಂತು ಕೆಲವು ಗಂಟೆಗಳಾದ ಮೇಲೆ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಸುಮಾರು ಅರ್ಧ ಖಾಲಿ. ಅರ್ಧ ಖಾಲಿಯಾದ ಬ್ಯಾಟರಿ ಎಂಜಿನನ್ನು ಹೇಗೋ ಸ್ಟಾರ್ಟ್ ಮಾಡಬಹುದು, ಆದರೆ ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ಕುಸಿದು ಪಿಎಸ್‌ಎಂ ಯೂನಿಟ್ ದೋಷ ಬರೆದುಕೊಳ್ಳುತ್ತದೆ. ಚಾರ್ಜರ್‌ಗೆ ರಾತ್ರಿಯಿಡೀ ಹಾಕಿ ಬೆಳಗ್ಗೆ ನೋಡಿ. ಎಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸಿನಲ್ಲಿರಬೇಕು.

ಐದನೆಯದು ರಿಸರ್ವಾಯರ್. ಕೆಂಪು ದೀಪ ಬಂದಿಲ್ಲವಾದ್ದರಿಂದ ನಿಮಗೆ ಇದು ಸಮಸ್ಯೆಯಲ್ಲ. ಫ್ಲೂಯಿಡ್ ಅತಿಯಾಗಿ ತುಂಬಿದ್ದರೆ ಮಾತ್ರ ಸಿರಿಂಜಿನಿಂದ ಮ್ಯಾಕ್ಸ್ ಗೆರೆಗೆ ಇಳಿಸಿ. ಉಕ್ಕಿ ಚೆಲ್ಲಿದ್ದರೆ ಕೂಡಲೇ ಧಾರಾಳ ನೀರು ಸುರಿದು ತೊಳೆಯಿರಿ. ಬ್ರೇಕ್ ಫ್ಲೂಯಿಡ್ ನೀರಿನಲ್ಲಿ ಕರಗುತ್ತದೆ, ತೊಳೆಯದೆ ಬಿಟ್ಟರೆ ಪೇಂಟ್ ತಿನ್ನುತ್ತದೆ. ಅಲ್ಲೇ ಹತ್ತಿರವಿರುವ ಬ್ಯಾಟರಿ ಮತ್ತು ಪ್ಲಗ್‌ಗಳನ್ನು ಮಾತ್ರ ನೀರಿನಿಂದ ಕಾಪಾಡಿಕೊಳ್ಳಿ.

ಬ್ಯಾಟರಿ ಬಿಚ್ಚಿ ಹಾಕುವ ಉಪಾಯದ ಬಗ್ಗೆ ಕೇಳಿದ್ದೀರಿ. ಬೇಡ. ಪಿಎಸ್‌ಎಂ ಯೂನಿಟ್‌ನ ದೋಷ ದಾಖಲೆ ವಿದ್ಯುತ್ ಇಲ್ಲದೆಯೂ ಉಳಿಯುವ ಮೆಮೊರಿಯಲ್ಲಿರುತ್ತದೆ, ಬ್ಯಾಟರಿ ತೆಗೆದರೆ ಅಳಿಯುವುದಿಲ್ಲ. ಬದಲಿಗೆ ಹೊಸ ದೀಪ ಸೇರಿಕೊಳ್ಳುತ್ತದೆ: ವಿದ್ಯುತ್ ಕಡಿದರೆ ಸ್ಟಿಯರಿಂಗ್ ಆಂಗಲ್ ಸೆನ್ಸರ್ ತನ್ನ ನಡುಬಿಂದುವನ್ನು ಮರೆಯುತ್ತದೆ, ಪಿಎಸ್‌ಎಂ ಎಚ್ಚರಿಕೆ ಅದರಿಂದಲೂ ಬರುತ್ತದೆ. ಕಿಟಕಿಗಳ ಮೇಲಿನ ಕೊನೆಯ ಬಿಂದುವನ್ನೂ ಮತ್ತೆ ಕಲಿಸಬೇಕಾಗುತ್ತದೆ. ಈಗಾಗಲೇ ಬಿಚ್ಚಿದ್ದರೆ, ಅಥವಾ ಕೆಲಸದ ನಡುವೆ ಬ್ಯಾಟರಿ ಪೂರ್ತಿ ಸತ್ತಿದ್ದರೆ, ಪೋರ್ಷೆ ಹೇಳುವ ವಿಧಾನ ಇದು: ಎಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲೇ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಕೆಲವು ಸಲ ತಿರುಗಿಸಿ, ಆಮೇಲೆ ದೀಪ ಆರುವವರೆಗೆ ಸ್ವಲ್ಪ ದೂರ ನೇರವಾಗಿ ಓಡಿಸಿ. ಇದರಿಂದ ಆರಿದರೆ ದೋಷ ಅಷ್ಟೇ ಇತ್ತು. ಮತ್ತೊಂದು ಮಾತು, ಈ ಮಾದರಿಯಲ್ಲಿ ಮುಂದಿನ ಬೂಟ್ ತೆರೆಯುವುದು ವಿದ್ಯುತ್ತಿನಿಂದ, ಬ್ಯಾಟರಿ ಇರುವುದು ಅದೇ ಬೂಟ್ ಒಳಗೆ. ಬ್ಯಾಟರಿ ಬಿಚ್ಚಿಟ್ಟು ಮುಚ್ಚಳ ಹಾಕಿಬಿಟ್ಟರೆ ಫ್ಯೂಸ್ ಬಾಕ್ಸ್‌ನಿಂದ ಹೊರಗಿನ ವಿದ್ಯುತ್ ಕೊಟ್ಟೇ ತೆರೆಯಬೇಕು.

ದೋಷದ ಕೋಡ್ ಓದಲು ಐನೂರು ರೂಪಾಯಿಯ ಬ್ಲೂಟೂತ್ ಓಬಿಡಿ ಸಾಧನ ಸಾಲದು. ಅದು ಮತ್ತು ಅದರ ಸಾಮಾನ್ಯ ಆ್ಯಪ್‌ಗಳು ಎಂಜಿನ್ ಕೋಡ್ ಮಾತ್ರ ಓದುತ್ತವೆ, ಬ್ರೇಕ್ ಯೂನಿಟ್ ಅವಕ್ಕೆ ಕಾಣುವುದೇ ಇಲ್ಲ. ‘ಕೋಡ್ ಏನೂ ಇಲ್ಲ’ ಎಂದು ಅದು ಹೇಳಿದರೆ ನಂಬಬೇಡಿ. ಒಂದೇ ಅಪವಾದ: ಪಿ0571 ಅಥವಾ ಪಿ0504 ಸಿಕ್ಕರೆ ಅದು ಬ್ರೇಕ್ ಸ್ವಿಚ್ಚಿನ ಕೋಡ್, ಅದು ಎಂಜಿನ್ ಕಂಪ್ಯೂಟರ್‌ನಲ್ಲೂ ದಾಖಲಾಗಬಹುದು. ಬ್ರೇಕ್ ಯೂನಿಟ್‌ಗೆ ಪೋರ್ಷೆಯ ಸ್ವಂತ ಪಿವಿಸ್, ಅಥವಾ ಹವ್ಯಾಸಿಗಳು ಬಳಸುವ ಡ್ಯುರಾಮೆಟ್ರಿಕ್, ಅಥವಾ ಎಬಿಎಸ್ ಓದುವ ಒಳ್ಳೆಯ ವರ್ಕ್‌ಶಾಪ್ ಸ್ಕ್ಯಾನರ್ ಬೇಕು. ಕೋಡ್ ಬರೆದಿಟ್ಟುಕೊಂಡ ಮೇಲೆಯೇ ಅಳಿಸಿ. ಓದದೆ ಅಳಿಸಿದರೆ ಇದ್ದ ಒಂದೇ ಸಾಕ್ಷಿಯೂ ಹೋಯಿತು.

ಈಗ ಪೆಡಲ್. ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುವುದು ಇದನ್ನೇ.

ರಿಸರ್ವಾಯರ್‌ನಲ್ಲಿ ಫ್ಲೂಯಿಡ್ ಬಹಳ ಕೆಳಗೆ ಹೋಗಿತ್ತು ಅಂದಿದ್ದೀರಿ. ನಿಮ್ಮ ಗಾಡಿಯಲ್ಲಿ ಕ್ಲಚ್ಚಿಗೂ ಇದೇ ರಿಸರ್ವಾಯರ್‌ನಿಂದ ಫ್ಲೂಯಿಡ್ ಹೋಗುತ್ತದೆ. ಕ್ಲಚ್ ಸೋರಿದರೂ ಬ್ರೇಕ್ ಬರಿದಾಗಬಾರದೆಂದು ಕ್ಲಚ್ಚಿನ ಕೊಳವೆಯನ್ನು ಮೇಲ್ಮಟ್ಟದಲ್ಲಿ ಇಟ್ಟಿರುತ್ತಾರೆ. ಹಾಗಾಗಿ ಮಟ್ಟ ಇಳಿದಾಗ ಮೊದಲು ಗಾಳಿ ಎಳೆಯುವುದು ಕ್ಲಚ್. ಕ್ಲಚ್ ಪೆಡಲ್ ಒತ್ತಿದಾಗ ಮೊದಲಿನಂತೆಯೇ ಇದೆಯೇ, ರಿವರ್ಸ್ ಗೇರ್ ಸದ್ದಿಲ್ಲದೆ ಬೀಳುತ್ತದೆಯೇ ನೋಡಿ. ಎಲ್ಲ ಸರಿಯಿದ್ದರೆ ರಿಸರ್ವಾಯರ್‌ನಲ್ಲಿ ಬ್ರೇಕಿಗೆ ಫ್ಲೂಯಿಡ್ ಕೊಡುವ ಭಾಗ ಬರಿದಾಗಿರುವ ಸಂಭವ ಕಡಿಮೆ. ಇದು ಸುಳಿವು ಅಷ್ಟೇ, ಪುರಾವೆಯಲ್ಲ. ಕ್ಲಚ್ ಪೆಡಲ್ ನೆಲದಲ್ಲೇ ಉಳಿದರೆ ಗೇರ್‌ಬಾಕ್ಸ್ ಮೇಲಿರುವ ಸ್ಲೇವ್ ಸಿಲಿಂಡರ್ ಕೂಡ ಬ್ಲೀಡ್ ಮಾಡಬೇಕು.

ಎಬಿಎಸ್ ಯೂನಿಟ್ ಒಳಗೆ ಗಾಳಿ ಹೋಗಿದೆಯೇ ಎಂಬುದಕ್ಕೆ ಉತ್ತರ ಯೂನಿಟ್‌ನ ರಚನೆಯಲ್ಲಿದೆ. ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಫ್ಲೂಯಿಡ್‌ಗೆ ಒತ್ತಡ ಕೊಡುವ ಭಾಗ) ಕ್ಯಾಲಿಪರ್‌ಗೆ ಹೋಗುವ ದಾರಿಯ ವಾಲ್ವ್‌ಗಳು ಮಾಮೂಲಿಯಾಗಿ ತೆರೆದಿರುತ್ತವೆ. ಒತ್ತಡ ಬಿಡುಗಡೆ ಮಾಡುವ ವಾಲ್ವ್‌ಗಳು, ಅವುಗಳ ಹಿಂದಿನ ಸಣ್ಣ ಸಂಗ್ರಹ ಕೋಣೆ, ಪಂಪ್ ಇವೆಲ್ಲ ಮುಚ್ಚಿದ ಭಾಗ. ತೆರೆದ ದಾರಿಯಲ್ಲಿ ಗಾಳಿಯಿದ್ದರೆ ಪೆಡಲ್ ಈಗಲೇ ಮೆತ್ತಗಿರುತ್ತದೆ, ಮಾಮೂಲಿ ಬ್ಲೀಡಿಂಗ್‌ನಿಂದ ಅದು ಹೊರಬರುತ್ತದೆ. ಮುಚ್ಚಿದ ಭಾಗದಲ್ಲಿ ಗಾಳಿಯಿದ್ದರೆ ಪೆಡಲ್ ಈಗ ಗಟ್ಟಿಯಾಗಿಯೇ ಇರಬಹುದು. ಎಬಿಎಸ್ ಒಮ್ಮೆ ಕೆಲಸ ಮಾಡಿದಾಗ ಆ ಗಾಳಿ ಲೈನಿಗೆ ಬಂದು, ಪೆಡಲ್ ಇದ್ದಕ್ಕಿದ್ದಂತೆ ಕುಸಿಯುತ್ತದೆ. ನಿಮ್ಮ ಪೆಡಲ್ ಈಗಲೇ ಮೆತ್ತಗಿರುವುದರಿಂದ ಮೊದಲ ಬಗೆಯ ಗಾಳಿ ಖಂಡಿತ ಇದೆ ಎಂದು ತಿಳಿದು ಹೊರಡಿ. ಎರಡನೆಯದು ಇದೆಯೋ ಇಲ್ಲವೋ ಆಮೇಲೆ ನೋಡಬೇಕು.

ಮತ್ತೆ ಬ್ಲೀಡ್ ಮಾಡುವಾಗ ಪೆಡಲ್ ಒತ್ತಿಸುವ ವಿಧಾನ ಬಿಟ್ಟು ಪ್ರೆಶರ್ ಬ್ಲೀಡರ್ (ರಿಸರ್ವಾಯರ್‌ಗೆ ಒತ್ತಡದಲ್ಲಿ ಫ್ಲೂಯಿಡ್ ತಳ್ಳುವ ಸಾಧನ) ಬಳಸಿ. ರಿಸರ್ವಾಯರ್ ಬಾಯಿಗೆ 45 ಮಿ.ಮೀ. ಯುರೋಪಿಯನ್ ಅಡಾಪ್ಟರ್ ಕೂರುತ್ತದೆ. ಹಳೆಯ ಗಾಡಿಯಲ್ಲಿ ಪೆಡಲನ್ನು ನೆಲದವರೆಗೆ ಒತ್ತುವುದು ಸ್ವಿಚ್ಚಿಗಷ್ಟೇ ಅಲ್ಲ, ಮಾಸ್ಟರ್ ಸಿಲಿಂಡರ್‌ಗೂ ಕೆಟ್ಟದ್ದು. ಪಿಸ್ಟನ್ ವರ್ಷಗಳಿಂದ ಮುಟ್ಟದ ಒಳಭಾಗದಲ್ಲಿ ತುಕ್ಕು, ಕಿಲುಬು ಕಟ್ಟಿರುತ್ತದೆ. ಸೀಲ್ ಅದರ ಮೇಲೆ ಉಜ್ಜಿದರೆ ಹರಿದುಹೋಗುತ್ತದೆ. ಬೇರೆ ದಾರಿಯಿಲ್ಲದೆ ಪೆಡಲ್ ವಿಧಾನವನ್ನೇ ಬಳಸುವುದಾದರೆ ಪೆಡಲ್ ಅಡಿಗೆ ಮರದ ತುಂಡು ಇಟ್ಟು ಅರ್ಧಕ್ಕೇ ನಿಲ್ಲುವಂತೆ ಮಾಡಿ.

ಇಗ್ನಿಷನ್ ಆಫ್, ಚಾವಿ ಹೊರಗೆ. ಬ್ಲೀಡರ್‌ನಲ್ಲಿ ಮೊದಲು ಫ್ಲೂಯಿಡ್ ಇಲ್ಲದೆ 1 ಬಾರ್ ಒತ್ತಡ ಕೊಟ್ಟು ಸೋರಿಕೆ ನೋಡಿ, ಆಮೇಲೆ ಹೊಸ ಫ್ಲೂಯಿಡ್ ತುಂಬಿ 1ರಿಂದ 1.5 ಬಾರ್‌ನಲ್ಲಿ ಕೆಲಸ ಮಾಡಿ, 2 ಬಾರ್ ದಾಟಬೇಡಿ. ಅನುಕ್ರಮ: ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ನಿಮ್ಮ ನಾಲ್ಕು ಪಿಸ್ಟನ್ ಕ್ಯಾಲಿಪರ್‌ಗಳಲ್ಲಿ ತಲಾ ಎರಡು ನಿಪ್ಪಲ್ ಇವೆ, ಹೊರಗೊಂದು ಒಳಗೊಂದು. ಒಳಗಿನದನ್ನು ಮರೆತು ಹೊರಗಿನದರಲ್ಲಿ ಮಾತ್ರ ಏರ್ ತೆಗೆಯುವುದು ಮೆತ್ತನೆಯ ಪೆಡಲಿಗೆ ಬಹಳ ಸಾಮಾನ್ಯ ಕಾರಣ, ನೀವು ಎಂಟೂ ಬಿಚ್ಚಿದಿರಾ ನೆನಪು ಮಾಡಿಕೊಳ್ಳಿ. ಪ್ರತಿ ಕ್ಯಾಲಿಪರ್‌ನಲ್ಲಿ ಮೊದಲು ಹೊರಗಿನದು, ಆಮೇಲೆ ಒಳಗಿನದು. ಸ್ಪ್ಯಾನರ್ 11 ಮಿ.ಮೀ., ರಿಂಗ್ ಸ್ಪ್ಯಾನರೇ ಆಗಲಿ, ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆಗಳು ಉರುಟಾಗುತ್ತವೆ. ಪಾರದರ್ಶಕ ಟ್ಯೂಬ್‌ನ ಇನ್ನೊಂದು ತುದಿ ಬಾಟಲಿಯೊಳಗಿನ ಫ್ಲೂಯಿಡ್‌ನಲ್ಲಿ ಮುಳುಗಿರಲಿ. ಗುಳ್ಳೆಗಳು ನಿಂತರೂ ಇನ್ನೂ ಸ್ವಲ್ಪ ಹರಿಯಬಿಡಿ, ನಡುವೆ ರಬ್ಬರ್ ಸುತ್ತಿಗೆಯಿಂದ ಕ್ಯಾಲಿಪರನ್ನು ಮೆಲ್ಲಗೆ ತಟ್ಟಿ, ಅಂಟಿಕೊಂಡ ಗುಳ್ಳೆಗಳು ಬಿಡುತ್ತವೆ. ಟ್ಯೂಬ್‌ನಲ್ಲಿ ಸಣ್ಣ ಗುಳ್ಳೆಗಳ ಸರಮಾಲೆ ಎಷ್ಟು ಹೊತ್ತಾದರೂ ನಿಲ್ಲದಿದ್ದರೆ ಅದು ಕ್ಯಾಲಿಪರ್‌ನದಲ್ಲ, ಸಡಿಲಿಸಿದ ನಿಪ್ಪಲ್‌ನ ಥ್ರೆಡ್ ಸುತ್ತ ಹೊರಗಿನ ಗಾಳಿ ಸೇರುತ್ತಿದೆ. ನಿಪ್ಪಲನ್ನು 14 ನ್ಯೂಟನ್ ಮೀಟರ್‌ಗೆ ಬಿಗಿಯಿರಿ, ಹೆಚ್ಚು ಬೇಡ, ಕ್ಯಾಲಿಪರ್ ಅಲ್ಯುಮಿನಿಯಂ. ಒಟ್ಟು ಒಂದು ಲೀಟರ್ ಫ್ಲೂಯಿಡ್ ಕೈಯಲ್ಲಿರಲಿ. ಕೊನೆಗೆ ಬ್ಲೀಡರ್‌ನ ಒತ್ತಡ ಪೂರ್ತಿ ಇಳಿಸಿದ ಮೇಲೆಯೇ ಮುಚ್ಚಳ ತೆಗೆಯಿರಿ. ಚಕ್ರದ ಬೋಲ್ಟ್‌ಗಳಿಗೆ 130 ನ್ಯೂಟನ್ ಮೀಟರ್.

ಫ್ಲೂಯಿಡ್ ಡಾಟ್ 4 ಆಗಿರಲಿ. ಡಾಟ್ 5 ಎಂದು ಬರೆದ ಸಿಲಿಕೋನ್ ಫ್ಲೂಯಿಡ್ ಬೇರೆಯೇ ಜಾತಿ, ಈ ವ್ಯವಸ್ಥೆಗೆ ಎಂದೂ ಹಾಕಬೇಡಿ. ಡಾಟ್ 5.1 ಎಂಬುದು ಸಿಲಿಕೋನ್ ಅಲ್ಲ, ಹೆಸರಿನಿಂದ ಗೊಂದಲವಾಗದಿರಲಿ. ಡಾಟ್ 4ಕ್ಕೆ ನಿಗದಿಯಾದ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ, ತೇವ ಹೀರಿದ ಮೇಲೆ 155 ಡಿಗ್ರಿ ಸೆಲ್ಸಿಯಸ್. ಈ 75 ಡಿಗ್ರಿ ವ್ಯತ್ಯಾಸವೇ ಟ್ರ್ಯಾಕ್‌ನಲ್ಲಿ ಪೆಡಲ್ ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ಅರ್ಧ ಬಳಸಿ ಮುಚ್ಚಿಟ್ಟ ಹಳೆಯ ಡಬ್ಬಿಯನ್ನು, ಅದರಲ್ಲೂ ಮಂಗಳೂರು, ಉಡುಪಿಯಂಥ ತೇವದ ಊರಿನಲ್ಲಿ ಮಳೆಗಾಲ ಕಳೆದದ್ದನ್ನು, ಟ್ರ್ಯಾಕ್ ಗಾಡಿಗೆ ಹಾಕಬಾರದು. ಸೀಲ್ ಒಡೆಯದ ಡಬ್ಬಿ ತನ್ನಿ.

ಬ್ಲೀಡ್ ಆದ ಮೇಲೆ ಗಾಡಿ ನಿಂತಲ್ಲೇ ಮೂರು ಪರೀಕ್ಷೆ. ಎಂಜಿನ್ ಆಫ್ ಇಟ್ಟು ಪೆಡಲನ್ನು ಐದಾರು ಸಲ ಒತ್ತಿ ಬೂಸ್ಟರ್‌ನ (ಕಾಲಿನ ಬಲವನ್ನು ಹೆಚ್ಚಿಸುವ ಭಾಗ) ನಿರ್ವಾತ ಖಾಲಿ ಮಾಡಿ. ಈಗ ಒಮ್ಮೆ ಒತ್ತಿ, ಬಿಟ್ಟು, ಕೂಡಲೇ ಮತ್ತೆ ಒತ್ತಿ. ಎರಡನೇ ಸಲ ಪೆಡಲ್ ಮೇಲೇ ಗಟ್ಟಿಯಾದರೆ ಇನ್ನೂ ಗಾಳಿಯಿದೆ. ಆಮೇಲೆ ಬಲವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರ್‌ನ ಸೀಲ್ ಹೋಗಿದೆ. ಫ್ಲೂಯಿಡ್ ಒಳಗೊಳಗೇ ರಿಸರ್ವಾಯರ್‌ಗೆ ಮರಳುವುದರಿಂದ ಮಟ್ಟ ಇಳಿಯುವುದಿಲ್ಲ, ಕೆಂಪು ದೀಪವೂ ಹತ್ತುವುದಿಲ್ಲ. ಎಷ್ಟು ಬ್ಲೀಡ್ ಮಾಡಿದರೂ ಇದು ಸರಿಹೋಗದು, ಸಿಲಿಂಡರ್ ಬದಲಿಸಬೇಕು. ಮೂರನೆಯದು, ಕಾಲು ಪೆಡಲ್ ಮೇಲಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಇಳಿದು ಅಲ್ಲೇ ನಿಂತರೆ ಬೂಸ್ಟರ್ ಸರಿಯಿದೆ. ಈ ಇಳಿತವನ್ನು ಗಾಳಿ ಎಂದು ತಿಳಿದು ಗಾಬರಿಯಾಗಬೇಡಿ.

ಪೆಡಲ್ ಗಟ್ಟಿಯಾಯಿತು ಎಂದಾದರೆ ಮಾತ್ರ ದೀಪ ಆರಿಸಲು ಹೊರಡಿ. ಮೊದಲು ಖಾಲಿ ಜಾಗದಲ್ಲಿ 10 ಕಿ.ಮೀ. ವೇಗದಲ್ಲಿ, ಆಮೇಲೆ 30ರಲ್ಲಿ ಬ್ರೇಕ್ ಹಾಕಿ ನೋಡಿ. ಎಬಿಎಸ್ ದೀಪ ಉರಿಯುತ್ತಿರುವಷ್ಟು ಹೊತ್ತು ಮಾಮೂಲಿ ಬ್ರೇಕ್ ಇರುತ್ತದೆ, ಚಕ್ರ ಲಾಕ್ ಆಗದಂತೆ ತಡೆಯುವ ಸೌಲಭ್ಯ ಮಾತ್ರ ಇರುವುದಿಲ್ಲ. ಆದ್ದರಿಂದ ಮಳೆ ಬಂದ ರಸ್ತೆಗೆ ಹೋಗಬೇಡಿ. ಚಕ್ರ ಗಾಳಿಯಲ್ಲಿ ತಿರುಗಿದ್ದರಿಂದಲೋ ವೋಲ್ಟೇಜ್ ಕುಸಿದಿದ್ದರಿಂದಲೋ ಬಂದ ದೋಷವಾದರೆ ಈ ಸಣ್ಣ ಓಡಾಟದಲ್ಲೇ, ಒಂದೆರಡು ಸಲ ಎಂಜಿನ್ ನಿಲ್ಲಿಸಿ ಸ್ಟಾರ್ಟ್ ಮಾಡುವಷ್ಟರಲ್ಲಿ ಆರುತ್ತದೆ. ಆರದಿದ್ದರೆ ಸ್ವಿಚ್, ತಂತಿ, ಪ್ಲಗ್ ನೋಡಿ, ಅದಕ್ಕೂ ಬಗ್ಗದಿದ್ದರೆ ಸ್ಕ್ಯಾನರ್.

ಇನ್ನು ಮುಚ್ಚಿದ ಭಾಗದ ಗಾಳಿ. ಖಾಲಿ ಜಾಗದಲ್ಲಿ ಜಲ್ಲಿಯ ಮೇಲೋ ಒದ್ದೆ ನೆಲದ ಮೇಲೋ ಎಬಿಎಸ್ ಕೆಲಸ ಮಾಡುವಂತೆ ಕೆಲವು ಸಲ ಬ್ರೇಕ್ ಹಾಕಿ, ಮತ್ತೆ ಬ್ಲೀಡ್ ಮಾಡಿದರೆ ಆ ಗಾಳಿ ಹೊರಬರುತ್ತದೆ ಎಂದು ಅನೇಕರು ಸಲಹೆ ಕೊಡುತ್ತಾರೆ. ಎಬಿಎಸ್ ದೀಪ ಉರಿಯುತ್ತಿರುವಾಗ ಇದು ಆಗದ ಮಾತು, ಯೂನಿಟ್ ಆಫ್ ಆಗಿರುವುದರಿಂದ ಪಂಪ್ ತಿರುಗುವುದೇ ಇಲ್ಲ, ಚಕ್ರಗಳು ಸುಮ್ಮನೆ ಲಾಕ್ ಆಗುತ್ತವೆ. ದೀಪ ಆರಿದ ಮೇಲೆ ಮಾಡಬಹುದು, ಆದರೆ ಟ್ರ್ಯಾಕ್‌ಗೆ ಹೋಗುವ ಗಾಡಿಗೆ ನಾನು ಸ್ಕ್ಯಾನರ್ ವಿಧಾನವನ್ನೇ ಹೇಳುತ್ತೇನೆ. ಪ್ರೆಶರ್ ಬ್ಲೀಡರ್ ಜೋಡಿಸಿ, ನಿಪ್ಪಲ್ ತೆರೆದು, ಸ್ಕ್ಯಾನರ್‌ನಿಂದ ಆ ಚಕ್ರದ ವಾಲ್ವ್ ಮತ್ತು ಪಂಪ್ ನಡೆಸಬೇಕು. ಪಂಪ್ ಮೋಟಾರ್ ಬಿಸಿಯಾಗದಂತೆ ನಡುನಡುವೆ ಬಿಡುವು ಕೊಡಬೇಕು. ಪಂಪ್ ಬ್ಯಾಟರಿಯನ್ನು ಬೇಗ ಹೀರುವುದರಿಂದ ಚಾರ್ಜರ್ ಹಾಕಿಯೇ ಇರಲಿ. ಮುಗಿದ ಮೇಲೆ ಎಂಟೂ ನಿಪ್ಪಲ್‌ಗಳನ್ನು ಇನ್ನೊಮ್ಮೆ ಮಾಮೂಲಿಯಾಗಿ ಬ್ಲೀಡ್ ಮಾಡಿ. ರಿಸರ್ವಾಯರ್ ಎಂದೂ ಬರಿದಾಗದ ಸಾಧಾರಣ ಫ್ಲೂಯಿಡ್ ಬದಲಾವಣೆಗೆ ಇದರ ಅಗತ್ಯವಿಲ್ಲ. ನಿಮ್ಮ ಕೇಸಿನಲ್ಲಿ ತಳ ಕಂಡಿತ್ತೆಂಬ ಅನುಮಾನ ಇರುವುದರಿಂದ, ಟ್ರ್ಯಾಕ್‌ನ ಮೊದಲ ಗಟ್ಟಿ ಬ್ರೇಕಿಂಗ್‌ನಲ್ಲಿ ಎಬಿಎಸ್ ತೊಡಗಿ ಪೆಡಲ್ ಕುಸಿಯುವ ಸಾಧ್ಯತೆಯನ್ನು ಇಟ್ಟುಕೊಂಡು ಹೋಗುವುದು ಸರಿಯಲ್ಲ. ಬೆಂಗಳೂರಿನಲ್ಲೇ ಒಬ್ಬ ಒಳ್ಳೆಯ ಮೆಕ್ಯಾನಿಕ್ ಬಳಿ ಇದನ್ನು ಮಾಡಿಸಿ, ಕೋಡ್‌ಗಳನ್ನೂ ಅದೇ ಹೊತ್ತಿಗೆ ಓದಿಸಿ ಅಳಿಸಿ, ಆಮೇಲೆ ಒಂದೆರಡು ದಿನ ಊರಲ್ಲೇ ಓಡಿಸಿ ನೋಡಿ. ದೀಪ ಮತ್ತೆ ಬಂದರೆ ಆಗ ಸಿಗುವ ಕೋಡ್ ಒಂದೇ ಆಗಿರುತ್ತದೆ, ಹುಡುಕುವ ಜಾಗವೂ ಒಂದೇ.